ಅಂಕಪಟ್ಟಿಯಿಂದ ಆರಂಭಿಸಿದೆ

ಕಂಪ್ಯೂಟರನ್ನು ನಾನು ಮೊದಲು ತರಗತಿಗೆ ಒಯ್ಯಲಿಲ್ಲ. ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆಯೇ ಅದನ್ನು ದುಡಿಸಿಕೊಂಡೆ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕ. ಆದರೆ ಕೆಲವು ತಿಂಗಳುಗಳಲ್ಲಿ ಗಣಿತ ಹೇಳುವ ಹೊತ್ತಿಗಿಂತ ಅಂಕ ಬರೆಯುವ, ಕೂಡುವ, ಒಂದು ನಮೂನೆಯಿಂದ ಇನ್ನೊಂದಕ್ಕೆ ಇಳಿಸುವ ಹೊತ್ತೇ ಹೆಚ್ಚಾಗುತ್ತದೆ. ಆ ಹೊರೆ ಇಳಿಯದೆ ಪಾಠಕ್ಕೆ ಹೊಸದೇನನ್ನಾದರೂ ತರುತ್ತೇನೆ ಎನ್ನುವುದು ಹುಸಿ ಮಾತು. ಡಿಜಿಟಲ್ ಉಪಕರಣ ಕಲಿಯಬೇಕೆಂದು ಹುಮ್ಮಸ್ಸಿನಿಂದ ಹೊರಡುವವರು ಸಾಮಾನ್ಯವಾಗಿ ಪ್ರೊಜೆಕ್ಟರ್‌ನಿಂದ ಆರಂಭಿಸುತ್ತಾರೆ. ದಸರಾ ರಜೆಯ ಹೊತ್ತಿಗೆ ಅದಕ್ಕೆ ಬಟ್ಟೆ ಹೊದಿಸಿ ಬೀರುವಿನಲ್ಲಿ ಇಡುತ್ತಾರೆ. ನಾನು ಅಂಕಪಟ್ಟಿಯಿಂದ ಆರಂಭಿಸಿದೆ. ಅದಕ್ಕೇ ಈ ಕಲಿಕೆ ನನ್ನ ಕೈಯಲ್ಲಿ ಉಳಿಯಿತು ಎಂಬುದು ನನ್ನ ಲೆಕ್ಕ.

ಹೊರಗಿನವರಿಗೆ ಈ ಅಂಕಗಳ ಗೋಜಲು ಗೊತ್ತಿರಲಿಕ್ಕಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಲಿಖಿತ ಪರೀಕ್ಷೆ 80 ಅಂಕದ್ದು, ಉಳಿದ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆ 20 ಹುಟ್ಟುವುದು ವರ್ಷದುದ್ದಕ್ಕೂ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ. ನಾವು ಎಫ್‌ಎ ಎನ್ನುತ್ತೇವೆ. ಪ್ರತಿ ಎಫ್‌ಎಗೆ 50 ಅಂಕ: ತಲಾ 15 ಅಂಕದ ಎರಡು ಚಟುವಟಿಕೆ, 20 ಅಂಕದ ಒಂದು ಕಿರುಪರೀಕ್ಷೆ. ನಾಲ್ಕೂ ಸೇರಿ 200, ಅದನ್ನು 20ಕ್ಕೆ ಇಳಿಸಬೇಕು. ಅರವತ್ತು ಮಕ್ಕಳ ಒಂದು ವಿಭಾಗವೆಂದರೆ 12 ಕಂಬಸಾಲು, 720 ಅಂಕೆ. ಇವೇ ಅಂಕೆಗಳು ಅಂಕವಹಿಗೆ ಹೋಗಬೇಕು, ಪ್ರಗತಿ ಪತ್ರಕ್ಕೆ ಹೋಗಬೇಕು, ಮುಖ್ಯ ಶಿಕ್ಷಕರಿಗೆ ಕೊಡುವ ಕ್ರೋಡೀಕೃತ ಪಟ್ಟಿಗೆ ಹೋಗಬೇಕು, ಕಡೆಗೆ ಆನ್‌ಲೈನ್‌ನಲ್ಲೂ ತುಂಬಬೇಕು. ಕೈಯಲ್ಲಿ ನಕಲು ಮಾಡುತ್ತಾ ಹೋದರೆ ಎಲ್ಲೋ ಒಂದು 13 ಹೋಗಿ 31 ಆಗಿಯೇ ಆಗುತ್ತದೆ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ನಡೆದ ತರಬೇತಿಯೊಂದರಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ ಪರಿಚಯವಾಗಿತ್ತು. ಅದನ್ನು ಕೆಲಸಕ್ಕೆ ಹಚ್ಚಲು ಕಲಿಸಿದ್ದು ಮಾತ್ರ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿದ್ಧ ಫೈಲುಗಳು ಬೇಕಾದಷ್ಟು ಹರಿದಾಡುತ್ತವೆ. ಹೆಸರು, ಅಂಕ ತುಂಬಿದರೆ ಸಾಕು, ಎಲ್ಲವೂ ತಾನಾಗಿ ಬರುತ್ತದೆ. ಅಂಥದ್ದೊಂದನ್ನು ನಾನು ತೆರೆದು ಕೂತಾಗ ಅವರು ಹೇಳಿದ್ದು ಇಷ್ಟೇ: "ಸರ್, ಅದನ್ನು ಮುಚ್ಚಿ. ಖಾಲಿ ಹಾಳೆ ತೆಗೆದುಕೊಂಡು ನೀವೇ ಕಟ್ಟಿ. ಬೇರೆಯವರು ಬರೆದ ಸೂತ್ರ ಕೆಟ್ಟರೆ ಮಾರ್ಚ್ ತಿಂಗಳಲ್ಲಿ ಯಾರನ್ನು ಹುಡುಕಿಕೊಂಡು ಹೋಗುತ್ತೀರಿ?" ಈಗ ಯಾರು ಕೇಳಿದರೂ ನಾನು ಇದೇ ಮಾತನ್ನು ಹೇಳುತ್ತೇನೆ. ನಾವೇ ಕಟ್ಟಿದ ಹಾಳೆ ನೋಡಲು ಒರಟಾಗಿರಬಹುದು, ಆದರೆ ಅದರ ಯಾವ ಮೂಲೆಯಲ್ಲಿ ಏನಿದೆ ಎಂಬುದು ಕಣ್ಣುಮುಚ್ಚಿದರೂ ಗೊತ್ತಿರುತ್ತದೆ.

ನಾನು ಪಾಲಿಸುವ ಕಟ್ಟಳೆಗಳು ಕೆಲವೇ. ಮಕ್ಕಳ ಹೆಸರು ಇಡೀ ಫೈಲಿನಲ್ಲಿ ಒಂದೇ ಕಡೆ ಬೆರಳಚ್ಚಾಗಬೇಕು. ಉಳಿದ ಹಾಳೆಗಳು ಅಲ್ಲಿಂದಲೇ ಎಳೆದುಕೊಳ್ಳಬೇಕು. ಜುಲೈನಲ್ಲಿ ಒಬ್ಬ ಹುಡುಗ ವರ್ಗಾವಣೆಯಾಗಿ ಬಂದರೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಗರಿಷ್ಠ ಅಂಕ, ಭಾಜಕ ಇಂಥವನ್ನು ಸೂತ್ರದೊಳಗೆ ಹೂತಿಡಬಾರದು. ಹಾಳೆಯ ಮೇಲ್ಭಾಗದ ಒಂದು ಮನೆಯಲ್ಲಿ (ಸೆಲ್) ಬರೆದು, ಡಾಲರ್ ಚಿಹ್ನೆ ಹಾಕಿ ಅದನ್ನೇ ಕರೆಯಬೇಕು. ಡಾಲರ್ ಹಾಕದೆ ಸೂತ್ರವನ್ನು ಕೆಳಕ್ಕೆ ಎಳೆದರೆ ಆಧಾರದ ಮನೆಯೂ ಒಂದೊಂದೇ ಕೆಳಗಿಳಿದು ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತದೆ. ಇನ್ನು ಗೈರುಹಾಜರಿ. ಪರೀಕ್ಷೆಗೆ ಬಾರದ ಮಗುವಿಗೆ ಸೊನ್ನೆ ಹಾಕಿದರೆ ತರಗತಿಯ ಸರಾಸರಿ ಸುಳ್ಳಾಗಿ ಕುಸಿಯುತ್ತದೆ, ಖಾಲಿ ಬಿಟ್ಟರೆ ತುಂಬಲು ಮರೆತದ್ದೋ ಬಾರದ್ದೋ ತಿಳಿಯುವುದಿಲ್ಲ. ನಾನು 'ಗೈ' ಎಂದು ಬರೆಯುತ್ತೇನೆ. ಮೊತ್ತ, ಸರಾಸರಿಯ ಸೂತ್ರಗಳು ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮರುಪರೀಕ್ಷೆಗೆ ಯಾರನ್ನು ಕೂರಿಸಬೇಕೆಂಬ ಪಟ್ಟಿಯೂ ಅದರಿಂದಲೇ ಸಿಗುತ್ತದೆ.

ಎಂಟು, ಒಂಬತ್ತನೇ ತರಗತಿಗಳ ಪ್ರಗತಿ ಪತ್ರಗಳನ್ನು ಮೇಲ್ ಮರ್ಜ್ ವಿಧಾನದಲ್ಲಿ ಮುದ್ರಿಸುತ್ತೇನೆ. ಒಂದು ಮಾದರಿ ಪುಟ, ಹಿಂದೆ ಅಂಕಗಳ ಹಾಳೆ. ಗುಂಡಿ ಒತ್ತಿದರೆ ಮಗುವಿಗೊಂದು ಪುಟ. ಒಂದು ಸಂಜೆಯ ಅಭ್ಯಾಸ ಸಾಕು, ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ಪ್ರಶ್ನಾವಾರು ಹಾಳೆಯ ಬಗ್ಗೆ. ಹೀಗೆ ಉಳಿತಾಯವಾದ ಸಮಯವನ್ನು ನಾನು ಹೂಡಿದ್ದು ಇದರ ಮೇಲೆ, ನನ್ನ ಪಾಠ ನಿಜವಾಗಿ ಬದಲಾದದ್ದೂ ಇದರಿಂದ. ಕಿರುಪರೀಕ್ಷೆಯ 20ರಲ್ಲಿ ಒಂದು ಮಗುವಿಗೆ 11 ಬಂತು ಎಂದು ಬರೆದಿಟ್ಟರೆ ಅದರಿಂದ ನನಗೆ ತಿಳಿಯುವುದು ಅತ್ಯಲ್ಪ. ಹಾಗಾಗಿ ಒಟ್ಟು ಅಂಕದ ಬದಲು ಪ್ರತಿ ಪ್ರಶ್ನೆಗೆ ಬಂದ ಅಂಕವನ್ನೇ ತುಂಬತೊಡಗಿದೆ. ಅಡ್ಡಸಾಲಿನಲ್ಲಿ ಮಗು, ಕಂಬಸಾಲಿನಲ್ಲಿ ಪ್ರಶ್ನೆ. ಅರ್ಧಕ್ಕಿಂತ ಕಡಿಮೆ ಬಂದ ಮನೆ ತಾನಾಗಿ ಕೆಂಪಾಗುವಂತೆ, ಪೂರ್ಣ ಅಂಕ ಬಂದದ್ದು ಹಸಿರಾಗುವಂತೆ ಷರತ್ತು ಹಾಕಿಟ್ಟೆ. ತುಂಬುವ ಕೆಲಸ ತುಸು ಹೆಚ್ಚು, ನಿಜ. ಉತ್ತರಪತ್ರಿಕೆ ತಿದ್ದುವಾಗಲೇ ಒಬ್ಬರು ಓದಿ ಒಬ್ಬರು ತುಂಬಿದರೆ ಬೇಗ ಆಗುತ್ತದೆ.

ಅಡ್ಡಸಾಲು ಪೂರ್ತಿ ಕೆಂಪಾದರೆ ಅದು ಆ ಮಗುವಿನ ಕಷ್ಟ. ಕಂಬಸಾಲು ಪೂರ್ತಿ ಕೆಂಪಾದರೆ ಅದು ನನ್ನ ಪಾಠದ ವಿಷಯ. ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತದ ಪರೀಕ್ಷೆಯಲ್ಲಿ ಹೀಗೇ ಒಂದು ಕಂಬಸಾಲು ಮೇಲಿಂದ ಕೆಳಗಿನವರೆಗೆ ಕೆಂಪಾಗಿ ನಿಂತಿತು. (−2, 3) ಮತ್ತು (4, −5) ಬಿಂದುಗಳ ನಡುವಿನ ದೂರ ಕೇಳಿದ್ದೆ. ಪಕ್ಕದ ಪ್ರಶ್ನೆಯಲ್ಲೂ ದೂರದ ಸೂತ್ರವೇ ಬೇಕಿತ್ತು, ಅಲ್ಲಿ ಬಿಂದುಗಳೆಲ್ಲ ಧನ ಸಂಖ್ಯೆಗಳು. ಆ ಕಂಬಸಾಲು ಹಸಿರಾಗಿತ್ತು. ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದು ಆ ಒಂದು ಪ್ರಶ್ನೆಯನ್ನಷ್ಟೇ ನೋಡಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಬಹುಪಾಲು ಮಕ್ಕಳ ಉತ್ತರ 68ರ ವರ್ಗಮೂಲ. ಅಂದರೆ 4ರಿಂದ −2 ಕಳೆಯಬೇಕಾದಲ್ಲಿ 2 ಎಂದು ಬರೆದಿದ್ದಾರೆ; 6 ಎಂದು ಬಂದಿದ್ದರೆ ದೂರ ಸರಿಯಾಗಿ 10 ಆಗುತ್ತಿತ್ತು. ತೊಡಕು ಹತ್ತನೇ ತರಗತಿಯ ಅಧ್ಯಾಯದ್ದಲ್ಲ, ಏಳನೇ ತರಗತಿಯ ಪೂರ್ಣಾಂಕಗಳದ್ದು. ಒಟ್ಟು ಅಂಕವನ್ನಷ್ಟೇ ನೋಡಿದ್ದರೆ ದೂರದ ಸೂತ್ರವನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಡುತ್ತಿದ್ದೆ, ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ.

ಪರಿಹಾರಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ವರಾಂಡದ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಸಂಖ್ಯಾರೇಖೆ ಎಳೆದು, −2ರಲ್ಲಿ ನಿಂತವರು 4ಕ್ಕೆ ನಡೆದು ಹೆಜ್ಜೆ ಎಣಿಸುವಂತೆ ಮಾಡಿದೆ. ಹತ್ತನೇ ತರಗತಿಯವರಿಗೆ ಇದೇನು ಮಕ್ಕಳಾಟ ಎಂದು ಮೊದಲು ನಾಚಿಕೆ. ಆಮೇಲೆ ಆರು ಹೆಜ್ಜೆ ಎಂದು ಕೂಗಿ ಹೇಳತೊಡಗಿದರು.

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಅಕ್ಷರದ ತೊಡಕು ಬೇರೆಯೇ ಇದೆ. ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಮೊಬೈಲಿನಲ್ಲಂತೂ ಓದುವ ಮಾತೇ ಇಲ್ಲ. ಎಲ್ಲವನ್ನೂ ಪರಿವರ್ತಕದ ಮೂಲಕ, ಯಾವ ಯಂತ್ರದಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ತಂದೆ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿದ್ದವು, ಕಣ್ಣಿಟ್ಟು ತಿದ್ದಬೇಕಾಯಿತು. ಆದರೆ ಒಮ್ಮೆ ಯೂನಿಕೋಡ್ ಆದ ಮೇಲೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬಹುದು, ಹಳೆಯ ಪ್ರಶ್ನೆಯನ್ನು ಹುಡುಕಬಹುದು, ಮೊಬೈಲಿನಲ್ಲೇ ತಿದ್ದಬಹುದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ರೂಢಿಯಾಗುವವರೆಗೆ ಬೆರಳು ತಡವರಿಸುತ್ತದೆ. 'ಡ' ಎಲ್ಲಿದೆ ಎಂದು ಹುಡುಕಿದರೆ ಕ್ಯೂ ಕೀಲಿಯಲ್ಲಿ ಕೂತಿರುತ್ತದೆ, ಒತ್ತಕ್ಷರ ಬೇಕಿದ್ದರೆ ನಡುವೆ ಎಫ್ ಒತ್ತಬೇಕು. ಕೂಡಿಬಂದ ಮೇಲೆ ಮಾತ್ರ ಇದಕ್ಕಿಂತ ವೇಗದ ಮಾರ್ಗ ನಾನು ಕಂಡಿಲ್ಲ. ಅವಸರವಿದ್ದಾಗ ಮೊಬೈಲಿಗೆ ಬಾಯಲ್ಲೇ ಹೇಳಿ ಬರೆಸುತ್ತೇನೆ, ಅದೂ ವಾಕ್ಯರೂಪದ ಲೆಕ್ಕಗಳನ್ನಷ್ಟೇ. ಭಿನ್ನರಾಶಿ, ವರ್ಗಮೂಲಗಳಿಗೆ ಲಿಬ್ರೆಆಫೀಸ್‌ನ ಸಮೀಕರಣ ಪೆಟ್ಟಿಗೆಯೇ ಸರಿ. 'ಎ ಓವರ್ ಬಿ' ಎಂದು ಬರೆದರೆ ಗೆರೆ ಎಳೆದು ಮೇಲೊಂದು ಕೆಳಗೊಂದು ಕೂರಿಸುತ್ತದೆ.

ಇಷ್ಟೆಲ್ಲ ಕೈಗೆ ಹತ್ತಿದ ಮೇಲೆಯೇ ಲ್ಯಾಪ್‌ಟಾಪ್ ತರಗತಿಗೆ ಹೋದದ್ದು. ಅಲ್ಲಿ ನನ್ನ ನಿಲುವು ಖಡಾಖಂಡಿತ: ಕಪ್ಪುಹಲಗೆ ಮಾಡಬಲ್ಲದ್ದನ್ನು ಪರದೆಯ ಮೇಲೆ ಮಾಡಬಾರದು. ಪಠ್ಯಪುಸ್ತಕದ ಸಾಲುಗಳನ್ನೇ ಬಣ್ಣದ ಪುಟಗಳಿಗೆ ತುಂಬಿ ಒಂದಾದ ಮೇಲೊಂದು ತೋರಿಸುವ ಪಿಪಿಟಿ ಗಣಿತಕ್ಕೆ ಒಗ್ಗುವುದಿಲ್ಲ. ಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ಮಕ್ಕಳ ಪೆನ್ನು ನನ್ನ ಕೈಯ ಜೊತೆಗೇ ಚಲಿಸುತ್ತದೆ. ಪರದೆಯಲ್ಲಿ ಇಡೀ ಉತ್ತರ ಒಮ್ಮೆಲೇ ಬಂದು ನಿಂತರೆ ಅವರು ಯೋಚಿಸುವುದನ್ನು ಬಿಟ್ಟು ನಕಲು ಮಾಡತೊಡಗುತ್ತಾರೆ. ಪರದೆ ಬೇಕಾಗುವುದು ಏನಾದರೂ ಚಲಿಸಬೇಕಾದಾಗ.

ಅದಕ್ಕೆ ಜಿಯೋಜಿಬ್ರಾ ಇದೆ; ಸಮೀಕರಣ ಬರೆದರೆ ಅದರ ನಕ್ಷೆಯನ್ನು ಎಳೆದು ತೋರಿಸುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಆರಂಭಿಸಿದ ತಂತ್ರಾಂಶ ಇದು. ಶಾಲೆಗಳಿಗೆ ಉಚಿತ, ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲ ಬೇಡ. ಬಹುಪದೋಕ್ತಿಗಳ ಪಾಠದಲ್ಲಿ ಎಕ್ಸ್² − 3ಎಕ್ಸ್ + ಸಿ ಎಂದು ಬರೆದು, ಸಿ ಬೆಲೆಗೆ ಒಂದು ಜಾರುಪಟ್ಟಿ (ಸ್ಲೈಡರ್) ಇಟ್ಟೆ, ಒಂದೊಂದೇ ಅಂಕೆ ಏರುವಂತೆ. ಸಿ = −4 ಇದ್ದಾಗ ಪರವಲಯ ಎಕ್ಸ್ ಅಕ್ಷವನ್ನು −1 ಮತ್ತು 4ರಲ್ಲಿ ಕಡಿಯುತ್ತದೆ; ಪುಸ್ತಕದಲ್ಲಿರುವುದೂ ಅದೇ. ಜಾರುಪಟ್ಟಿ ಮುಟ್ಟುವ ಮೊದಲು ಮಕ್ಕಳು ಊಹಿಸಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಬೇಕು, ಇದು ನನ್ನ ತರಗತಿಯ ನಿಯಮ. ಈ ಒಂದು ನಿಯಮವಿಲ್ಲದಿದ್ದರೆ ಜಿಯೋಜಿಬ್ರಾ ಬರೀ ಸಿನಿಮಾ.

ಸಿ ಏರಿಸುತ್ತಾ ಹೋದಂತೆ ವಕ್ರರೇಖೆ ಮೇಲಕ್ಕೆ ಸರಿಯಿತು, ಕಡಿಯುವ ಬಿಂದುಗಳು ಹತ್ತಿರವಾದವು. 2ಕ್ಕೆ ಬಂದಾಗ ಇನ್ನೂ ಎರಡು ಕಡೆ ಕಡಿಯುತ್ತಿತ್ತು. 3ಕ್ಕೆ ಬಂದಾಗ ಅಕ್ಷವನ್ನು ಬಿಟ್ಟು ಮೇಲೆದ್ದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಒಂದೇ ಕಡೆ ಮುಟ್ಟುವುದು ನಡುವೆ ಎಲ್ಲೋ ತಪ್ಪಿಹೋಯಿತು" ಎಂದಳು. ಜಾರುಪಟ್ಟಿಯ ಹೆಜ್ಜೆಯನ್ನು 0.25ಕ್ಕೆ ಇಳಿಸಿ ಅವಳನ್ನೇ ಕರೆದು ಸರಿಸಲು ಹೇಳಿದೆ. 2.25ರಲ್ಲಿ ಪರವಲಯ ಅಕ್ಷವನ್ನು ಸವರಿಕೊಂಡು ನಿಂತಿತು. ಮುಂದೆ ವರ್ಗ ಸಮೀಕರಣಗಳ ಅಧ್ಯಾಯದಲ್ಲಿ ಶೋಧಕ (ಬಿ² − 4ಎಸಿ) ಬಂದಾಗ, 9ರಿಂದ 4ಸಿ ಕಳೆದರೆ ಸೊನ್ನೆ ಯಾವಾಗ ಎಂದು ಕೇಳಿದೆ. ಲೆಕ್ಕ ಮಾಡುವ ಮೊದಲೇ ಹಲವರ ಬಾಯಲ್ಲಿ ಎರಡೂಕಾಲು ಇತ್ತು.

ಕರೆಂಟ್ ಹೋಗುವುದು ಮಾಮೂಲು. ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಗುಂಪುಗುಂಪಾಗಿ ಮೇಜಿನ ಸುತ್ತ ಕರೆಯುತ್ತೇನೆ, ಉಳಿದವರು ಗ್ರಾಫ್ ಹಾಳೆಯಲ್ಲಿ ಅದೇ ರೇಖೆ ಎಳೆಯುತ್ತಿರುತ್ತಾರೆ.

ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ತರಗತಿಗೆ ಪ್ಲಿಕರ್ಸ್ ಎಂಬ ಉಪಾಯ ಚೆನ್ನಾಗಿ ಹೊಂದುತ್ತದೆ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್, ಅದರ ಮೇಲೆ ಕಪ್ಪು ಚೌಕಗಳ ಚಿತ್ರ, ನಾಲ್ಕು ಬದಿಗೆ ನಾಲ್ಕು ಆಯ್ಕೆ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಹಿಡಿದರೆ, ನನ್ನ ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದಾಗ ಯಾರು ಏನು ಹೇಳಿದರು ಎಂಬುದು ದಾಖಲಾಗುತ್ತದೆ. ಆಯ್ಕೆಯ ಅಕ್ಷರ ತೀರಾ ಚಿಕ್ಕದು, ಪಕ್ಕದವರಿಗೆ ಕಾಣುವುದಿಲ್ಲ. "ಅರ್ಥವಾಯಿತೇ?" ಎಂದರೆ "ಆಯಿತು ಸರ್" ಎನ್ನುವ ಸಾಮೂಹಿಕ ಗಾಯನಕ್ಕೆ ಇದರಷ್ಟು ಒಳ್ಳೆಯ ಮದ್ದಿಲ್ಲ. ಕಾರ್ಡುಗಳನ್ನು ದಪ್ಪ ಕಾಗದದಲ್ಲಿ ಮುದ್ರಿಸಿ, ಆದರೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾಕ್ಕೆ ಓದಲಾಗುವುದಿಲ್ಲ.

ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಕಗಳನ್ನು ಹಾಕುವುದಿಲ್ಲ, ಅದು ಮಗುವಿನ ಮನೆಯ ವಿಷಯ. ಓದಲು ಬಾರದ ಪೋಷಕರೂ ಇರುವುದರಿಂದ ಸೂಚನೆಗಳನ್ನು ಧ್ವನಿ ಸಂದೇಶವಾಗಿಯೇ ಕಳಿಸುತ್ತೇನೆ, ರಾತ್ರಿ ಎಂಟರ ಮೇಲೆ. ಹೊಲದಿಂದ, ಕೂಲಿಯಿಂದ ಮೊಬೈಲ್ ಮನೆಗೆ ಬರುವುದೇ ಆಗ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳಿಂದ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದ ವಿಡಿಯೊಗಳನ್ನು ನಾನು ನೋಡುತ್ತೇನೆ, ತರಗತಿಯಲ್ಲಿ ತೋರಿಸುವುದು ಅಪರೂಪ. ಎಐ ಚಾಟ್ ತಂತ್ರಾಂಶಗಳಿಂದ ಅಭ್ಯಾಸದ ಲೆಕ್ಕಗಳನ್ನು ಪಡೆಯುವುದೂ ಉಂಟು. ಪ್ರತಿ ಲೆಕ್ಕವನ್ನೂ ಮೊದಲು ನಾನು ಬಿಡಿಸಿ ನೋಡದೆ ಮಕ್ಕಳಿಗೆ ಕೊಡುವುದಿಲ್ಲ. ಅಪವರ್ತನ ವಿಧಾನಕ್ಕೆಂದು ಕೇಳಿದರೆ ಅಪವರ್ತಿಸಲಾಗದ ಸಮೀಕರಣವನ್ನೂ ಅದು ಅಷ್ಟೇ ಧೈರ್ಯದಿಂದ ಕೊಟ್ಟುಬಿಡುತ್ತದೆ.

ಈ ವರ್ಷ ನಮ್ಮ ಕನ್ನಡ ಶಿಕ್ಷಕರು ನನ್ನ ಅಂಕಗಳ ಹಾಳೆಯನ್ನು ಕೇಳಿದರು. ಸಿದ್ಧ ಫೈಲ್ ಕೊಡಲಿಲ್ಲ, ಪಕ್ಕದಲ್ಲಿ ಕೂತು ಅವರಿಂದಲೇ ಕಟ್ಟಿಸಿದೆ. ಪ್ರಥಮ ಭಾಷೆಗೆ ಆಂತರಿಕ ಅಂಕ 25. 200ನ್ನು ಹತ್ತರಿಂದಲ್ಲ, ಎಂಟರಿಂದ ಭಾಗಿಸಬೇಕು. ಮೇಲಿನ ಮನೆಯಲ್ಲಿ ಅಂಕೆ ಬದಲಿಸಿದೊಡನೆ ಇಡೀ ಕಂಬಸಾಲು ಬದಲಾಯಿತು. "ಇಷ್ಟೇನಾ ಸರ್?" ಎಂದು ಕೇಳಿದರು. ಮುಂದಿನ ವಾರ ಪ್ರಶ್ನಾವಾರು ಹಾಳೆಗೆ ಕೂರುತ್ತೇವೆ. ಪ್ರಬಂಧದ ಪ್ರಶ್ನೆಗೆ ಕಂಬಸಾಲುಗಳನ್ನು ಹೇಗೆ ಮಾಡುವುದು, ವಿಷಯಕ್ಕೊಂದು, ಭಾಷೆಗೊಂದು, ಕಾಗುಣಿತಕ್ಕೊಂದು ಬೇಕೇ ಎಂಬ ಚರ್ಚೆ ನಡೆದಿದೆ.