ಹೊಂಗೆಕಾಯಿ ಲೋಗೊ ಆಗುವ ಬಗೆ

ಮೊದಲ ವರ್ಷ ನಾನು ಎಂಟನೇ ತರಗತಿಯ ಮಕ್ಕಳಿಗೆ ನೇರವಾಗಿ ಹೇಳಿಬಿಟ್ಟಿದ್ದೆ: ‘ನಾಳೆ ಇಕೋ ಕ್ಲಬ್‌ಗೆ ಒಂದೊಂದು ಲೋಗೊ ಬರೆದು ತನ್ನಿ.’ ಮರುದಿನ ಮೇಜಿನ ಮೇಲೆ ಬಂದು ಬಿದ್ದ ಹಾಳೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಚಿತ್ರ. ಎರಡು ಅಂಗೈ, ನಡುವೆ ಭೂಮಿ, ಅದರ ಮೇಲೆ ಎರಡೆಲೆಯ ಚಿಗುರು. ಮಕ್ಕಳದ್ದೇನೂ ತಪ್ಪಿರಲಿಲ್ಲ. ಅವರು ನೋಡಿ ಬರೆದದ್ದು ಬೇರೆಯವರ ಲೋಗೊಗಳನ್ನು. ಗೇಟಿನ ಪಕ್ಕದಲ್ಲೇ ದೊಡ್ಡ ಹೊಂಗೆಮರವಿತ್ತು, ಒಬ್ಬರ ಹಾಳೆಯಲ್ಲೂ ಅದರ ಒಂದು ಎಲೆ ಇರಲಿಲ್ಲ. ನೋಡುವುದನ್ನು ಕಲಿಸದೆ ಬರೆಯಲು ಹೇಳಿದ್ದು ನನ್ನ ತಪ್ಪು. ಮರುವರ್ಷದಿಂದ ಮೊದಲು ಕ್ಯಾಮೆರಾ, ಆಮೇಲೆ ಪೆನ್ಸಿಲ್ ಎಂದು ಕ್ರಮ ಬದಲಾಯಿಸಿದೆ. ಆರು ಪೀರಿಯಡ್ ಬೇಕು. ಸಾಮಾನು ಹೆಚ್ಚಿಲ್ಲ: ಶಿಕ್ಷಕರ ಒಂದು ಫೋನ್, ರಟ್ಟು, ದಾರ, ಬಿಳಿ ಚಾರ್ಟ್, ಟ್ರೇಸಿಂಗ್ ಹಾಳೆ, ಕಪ್ಪು ಇಂಕು.

ರಟ್ಟಿನ ಕಿಂಡಿ

ಮೊದಲ ಪೀರಿಯಡ್‌ನಲ್ಲಿ ಫೋನ್ ಹೊರಗೆ ತೆಗೆಯಬೇಡಿ. ರಟ್ಟಿನಲ್ಲಿ ನಾಲ್ಕು ಇಂಚು ಅಗಲ, ಮೂರು ಇಂಚು ಎತ್ತರದ ಕಿಂಡಿ ಕತ್ತರಿಸಿ. ಬಹುತೇಕ ಫೋನ್ ಕ್ಯಾಮೆರಾಗಳು ತೆಗೆಯುವ ಚಿತ್ರದ ಪ್ರಮಾಣವೂ ಇದೇ, 4:3. ಕಿಂಡಿಗೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ದಾರ ಕಟ್ಟಿದರೆ ಒಂಬತ್ತು ಮನೆಗಳಾಗುತ್ತವೆ. ಇದನ್ನು ಹಿಡಿದು ಮಕ್ಕಳು ಅಂಗಳದಲ್ಲಿ ಓಡಾಡಲಿ. ಕಣ್ಣಿನ ಹತ್ತಿರ ಹಿಡಿದರೆ ಇಡೀ ಮರ, ಕೈ ಚಾಚಿ ಹಿಡಿದರೆ ಒಂದು ಕೊಂಬೆ. ಮುಖ್ಯ ವಸ್ತುವನ್ನು ದಾರಗಳು ಸೇರುವ ಜಾಗಕ್ಕೆ ತಂದು ನೋಡಲಿ, ನಡುಮಧ್ಯಕ್ಕೂ ತಂದು ನೋಡಲಿ. ನಾನು ಕೇಳುವುದು ಒಂದೇ ಪ್ರಶ್ನೆ: ‘ಕಿಂಡಿಯಿಂದ ಏನನ್ನು ಹೊರಗೆ ಬಿಟ್ಟೆ?’ ಕರೆಂಟ್ ಕಂಬ ಬಿಟ್ಟೆ, ಸೈಕಲ್ ಬಿಟ್ಟೆ ಎಂದು ಹೇಳುತ್ತಾ ಹೋಗುತ್ತಾರೆ. ಫೋಟೊಗ್ರಫಿಯನ್ನೂ ಲೋಗೊವನ್ನೂ ಒಟ್ಟಿಗೆ ಕಲಿಸಬೇಕೆಂದು ನಾನು ಹಟ ಹಿಡಿಯುವುದು ಈ ಬಿಡುವ ಕೆಲಸಕ್ಕಾಗಿಯೇ.

ಕಿಟಕಿಯ ಬೆಳಕು

ಎರಡನೇ ಪೀರಿಯಡ್‌ಗೆ ಮರದಡಿ ಬಿದ್ದ ಒಣ ಹೊಂಗೆಕಾಯಿ ಆರಿಸಿ ತರಲು ಹೇಳಿ. ಚಪ್ಪಟೆ ಕಾಯಿ, ತುದಿಯಲ್ಲಿ ಸಣ್ಣ ಕೊಕ್ಕು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕದ ಬೆಂಚಿನ ಮೇಲೆ ಬಿಳಿ ಹಾಳೆ ಹಾಸಿ ಕಾಯಿ ಇಡಿ. ಕಿಟಕಿಗೆ ಬೆನ್ನು ಹಾಕಿ ನಿಂತು ನೋಡಿದರೆ ಕಾಯಿ ಸಪಾಟಾಗಿ, ಸಪ್ಪೆಯಾಗಿ ಕಾಣುತ್ತದೆ. ಕಿಟಕಿ ಎಡಕ್ಕೆ ಬರುವಂತೆ ತಿರುಗಿ ನಿಂತರೆ, ಅಲ್ಲಿಯವರೆಗೆ ಕಾಣದಿದ್ದ ಬೀಜದ ಉಬ್ಬು ಮೇಲೆದ್ದು ಬರುತ್ತದೆ, ಅದರ ಬಲಕ್ಕೆ ಅರ್ಧಚಂದ್ರದಂಥ ನೆರಳು. ಮಕ್ಕಳು ‘ಓ’ ಎನ್ನುವುದು ಇಲ್ಲೇ. ನೆರಳು ತೀರಾ ಕಪ್ಪಾದರೆ ಬಲಬದಿಗೆ ಬಿಳಿ ಚಾರ್ಟ್ ಹಿಡಿದರಾಯಿತು, ಬೆಳಕು ತಿರುಗಿ ಬೀಳುತ್ತದೆ.

ಈಗ ಫೋನ್. ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಫೋಟೊ ಮಂಜಾಗುವುದಕ್ಕೆ ಎಷ್ಟೋ ಸಲ ಬೆರಳಿನ ಜಿಡ್ಡೇ ಕಾರಣ. ಜೂಮ್ ಮುಟ್ಟಬೇಡಿ, ನೀವೇ ಹತ್ತಿರ ಹೋಗಿ. ಫೋಕಸ್ ಸಿಗದಿದ್ದರೆ ಒಂದು ಗೇಣು ಹಿಂದೆ ಬನ್ನಿ. ಪರದೆಯ ಮೇಲೆ ಕಾಯಿಯನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್ ನಿಲ್ಲುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸರಿಸಿ ಬೆಳಕು ಏರಿಸಬಹುದು, ಇಳಿಸಬಹುದು.

ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಳತೆ), ಶಟರ್ (ಬೆಳಕು ಒಳಬರುವ ಹೊತ್ತು), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಂಬ ಮೂರು ಹೆಸರುಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿ ಫಲವಿಲ್ಲ. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ, ಉಳಿಯುವುದು ಎರಡು. ಕಾಯಿಗೆ ದಾರ ಕಟ್ಟಿ ತೂಗಾಡಲು ಬಿಡಿ. ಇವನ್ನು ನಾವೇ ಬದಲಿಸಬಹುದಾದ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/15 ಸೆಕೆಂಡ್ ಇಟ್ಟರೆ ಕಾಯಿ ಎಳೆದ ಗೆರೆಯಾಗುತ್ತದೆ. 1/500 ಇಟ್ಟರೆ ಗಾಳಿಯಲ್ಲೇ ನಿಂತುಬಿಡುತ್ತದೆ, ಆದರೆ ಚಿತ್ರ ಕತ್ತಲು. ಐಎಸ್ಒ ಏರಿಸಿದರೆ ಬೆಳಕು ಬರುತ್ತದೆ, ಜೊತೆಗೆ ರವೆ ಚೆಲ್ಲಿದಂತೆ ಚುಕ್ಕಿಗಳೂ ಬರುತ್ತವೆ. ಇಷ್ಟು ಕಣ್ಣಾರೆ ಕಂಡ ಮಗುವಿಗೆ ಬೇರೆ ವಿವರಣೆ ಬೇಕಿಲ್ಲ.

ಐವರ ಗುಂಪು, ತಲೆಗೆ ಮೂರೇ ಫೋಟೊ. ಮೂವತ್ತು ಸಿಗುತ್ತವೆ ಎಂದು ಗೊತ್ತಾದರೆ ಯಾರೂ ಯೋಚಿಸಿ ತೆಗೆಯುವುದಿಲ್ಲ. ಗೆಳೆಯರ ಮುಖ ತೆಗೆಯುವುದಾದರೆ ಕೇಳಿ ತೆಗೆಯಬೇಕು, ಸ್ಟೇಟಸ್‌ಗೆ ಹಾಕುವಂತಿಲ್ಲ. ಇದನ್ನು ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.

ಜೆರಾಕ್ಸ್‌ನ ಜೆರಾಕ್ಸ್

ಪ್ರತಿ ಗುಂಪು ಆರಿಸಿದ ಒಂದು ಫೋಟೊವನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ. ಅದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನೇ ಮತ್ತೆ ಜೆರಾಕ್ಸ್ ಮಾಡಿಸಿ. ಮೂರು ನಾಲ್ಕು ಸಲ ಹೀಗಾದಾಗ ಬೂದುಬಣ್ಣವೆಲ್ಲ ಕಳಚಿ ಕಪ್ಪು, ಬಿಳಿ ಎರಡೇ ಉಳಿಯುತ್ತವೆ. ಕಾಯಿಯ ಅಂಚು, ಕೊಕ್ಕು, ಬೀಜದ ಪಕ್ಕದ ಆ ಅರ್ಧಚಂದ್ರ. ಇದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗೆರೆ ಎಳೆಯಲಿ. ಮುಂದಿನ ಪೀರಿಯಡ್ ಪೂರ್ತಿ ಬೆಂಕಿಪೊಟ್ಟಣದಷ್ಟು ಗಾತ್ರದ ಹನ್ನೆರಡು ಚೌಕಗಳಲ್ಲಿ ಅದೇ ಕಾಯಿಯನ್ನು ಹನ್ನೆರಡು ರೀತಿ ಬರೆಯಬೇಕು. ಪ್ರತಿ ಚೌಕದಲ್ಲೂ ಹಿಂದಿನದಕ್ಕಿಂತ ಒಂದಾದರೂ ಗೆರೆ ಕಡಿಮೆ. ಏಳೆಂಟನೆಯದಕ್ಕೆ ಬಂದಾಗ ‘ಸಾರ್, ಇನ್ನು ತೆಗೆಯೋಕೆ ಏನೂ ಇಲ್ಲ’ ಎನ್ನುತ್ತಾರೆ. ಒಳ್ಳೆಯದೆಲ್ಲ ಅದರ ನಂತರವೇ ಬರುತ್ತದೆ, ಬಿಡಬೇಡಿ.

ಆಗ ಸ್ಟೇಟ್ ಬ್ಯಾಂಕಿನ ಲೋಗೊ ತೋರಿಸಿ. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ರೂಪಿಸಿದ್ದು. ಒಂದು ದುಂಡು, ಅದರಲ್ಲೊಂದು ಸಣ್ಣ ದುಂಡು, ಕೆಳಕ್ಕೊಂದು ಸೀಳು, ಬೇರೇನೂ ಇಲ್ಲ. 2010ರಲ್ಲಿ ಸರ್ಕಾರ ಒಪ್ಪಿಕೊಂಡ ಡಿ. ಉದಯಕುಮಾರ್ ಅವರ ರೂಪಾಯಿ ಚಿಹ್ನೆಯನ್ನೂ ಬೋರ್ಡಿನ ಮೇಲೆ ಬರೆಯಿರಿ. ದೇವನಾಗರಿಯ ‘ರ’ ಮತ್ತು ಬೆನ್ನುಗೆರೆ ಇಲ್ಲದ ರೋಮನ್ ‘ಆರ್’, ಎರಡೂ ಅದರಲ್ಲಿವೆ. ನಾಲ್ಕು ಸಿಂಹದ ರಾಜಲಾಂಛನವನ್ನು ಮಾತ್ರ ಯಾರೂ ತಮ್ಮ ಲೋಗೊಗೆ ಸೇರಿಸುವಂತಿಲ್ಲ, ಅದರ ದುರ್ಬಳಕೆ ತಡೆಯಲು 2005ರ ಕಾನೂನೇ ಇದೆ.

ಇಂಕು, ಅಕ್ಷರ, ಬಣ್ಣ

ಆರಿಸಿದ ಚಿತ್ರವನ್ನು ಕಪ್ಪು ಇಂಕಿನಲ್ಲೇ ತುಂಬಿಸಿ. ಪರೀಕ್ಷೆ ಎರಡು. ಒಂದು ಸೆಂಟಿಮೀಟರಿಗೆ ಕುಗ್ಗಿಸಿ ಬರೆದಾಗ ನಡುವಿನ ಬಿಳಿ ಮುಚ್ಚಿಹೋಗಬಾರದು. ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಹೋದರೂ ಗುರುತು ಸಿಗಬೇಕು.

ಕನ್ನಡ ಅಕ್ಷರ ಸೇರಿಸುವಾಗ ಒತ್ತಕ್ಷರ ನೆನಪಿರಲಿ. ‘ಕ್ಲಬ್’ ಎಂದು ಬರೆದರೆ ಲ-ಒತ್ತು ಕೆಳಗೆ ಇಳಿದು ಚೌಕಟ್ಟಿಗೆ ತಾಗುತ್ತದೆ, ಜಾಗ ಬಿಟ್ಟೇ ಗೆರೆ ಹಾಕಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಕಾಯಿ, ಎಲೆಗಳ ಜೊತೆ ಅಕ್ಕಪಕ್ಕದ ಮನೆಯವರಂತೆ ಹೊಂದಿಕೊಳ್ಳುತ್ತವೆ. ಒಬ್ಬ ಹುಡುಗಿ ‘ಹೊಂಗೆ’ ಎಂದಷ್ಟೇ ಬರೆದಳು. ನಡುವಿನ ಸೊನ್ನೆಯನ್ನು ಕಪ್ಪಾಗಿ ತುಂಬಿ, ಅದರ ಸುತ್ತ ಕೊಕ್ಕಿರುವ ಒಂದೇ ಗೆರೆ ಎಳೆದಳು. ಸೊನ್ನೆಯೇ ಬೀಜವಾಗಿತ್ತು, ಗೆರೆಯೇ ಕಾಯಿ. ಆ ವರ್ಷ ಇಕೋ ಕ್ಲಬ್‌ಗೆ ಅದೇ ಲೋಗೊ.

ಬಣ್ಣ ಕೊನೆಗೆ, ಅದೂ ಒಂದೇ. ಕಪ್ಪಿನಲ್ಲಿ ನಿಲ್ಲದ ಲೋಗೊ ಹಸಿರು ಬಳಿದರೂ ನಿಲ್ಲುವುದಿಲ್ಲ.

ಮುಗಿದ ಲೋಗೊವನ್ನು ಕಂಪ್ಯೂಟರಿಗೆ ಏರಿಸಲು ಮತ್ತೆ ಫೋನ್ ಬೇಕು. ಹಾಳೆಯನ್ನು ವರಾಂಡದ ನೆರಳಿನಲ್ಲಿ ನೆಲಕ್ಕೆ ಹಾಸಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಮೇಲಿನಿಂದ ಹಿಡಿಯಿರಿ. ನಿಮ್ಮ ತಲೆಯ ನೆರಳು ಹಾಳೆಯ ಮೇಲೆ ಬೀಳದಿರಲಿ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಹಾಕಿಕೊಂಡರೆ ಪರದೆಯ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಮೂಡುತ್ತವೆ. ಮೊದಲ ದಿನ ರಟ್ಟಿಗೆ ಕಟ್ಟಿದ ದಾರಗಳೇ ಅವು ಎಂದು ಮಕ್ಕಳೇ ಹೇಳುತ್ತಾರೆ. ಹಾಳೆಯ ಅಂಚನ್ನು ಆ ಗೆರೆಗೆ ಸಮ ಮಾಡಿ, ಉಸಿರು ಹಿಡಿದು, ಒತ್ತಲಿ.