ಹಳ್ಳಿ ಹಳ್ಳವಾಗಿತ್ತು: ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಅಕ್ಷರ ಎಣಿಸಿದ ಅನುಭವ

ಮಕ್ಕಳ ಕಥೆಗಳಿಗೆಂದು ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಮುಖಪುಟದಲ್ಲಿ ಕಥೆಗಳ ಹೆಸರು ಸಾಲಾಗಿ ಬರಬೇಕು. ಉದ್ದ ಜಾಸ್ತಿಯಾದರೆ 20 ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕಬೇಕು. ಇಂಗ್ಲಿಷ್ ಸೈಟ್‌ಗಳಲ್ಲಿ ಬರೆಯುತ್ತಿದ್ದ ಹಾಗೆ ಪಠ್ಯವನ್ನು ಕತ್ತರಿಸುವ ಸ್ಲೈಸ್ ಬರೆದು 0, 20 ಎಂದು ಕೊಟ್ಟೆ.

ಎರಡು ದಿನ ಬಿಟ್ಟು ಕಥೆ ಬರೆದ ಮೇಷ್ಟ್ರು ಫೋನ್ ಮಾಡಿದರು. "ನಾನು ಬರೆದದ್ದು ಹಳ್ಳಿ ಕಥೆ, ನೀವು ಹಳ್ಳ ಅಂತ ಹಾಕಿದ್ದೀರಲ್ಲ?" ಎಂದರು. ಕಥೆಯ ಹೆಸರು "ಅಜ್ಜ ಹೇಳಿದ ನಮ್ಮ ಹಳ್ಳಿಯ ಕಥೆ". ಪರದೆಯ ಮೇಲೆ ಇದ್ದದ್ದು "ಅಜ್ಜ ಹೇಳಿದ ನಮ್ಮ ಹಳ್ಳ…". ನನಗೆ ನಿಜಕ್ಕೂ ಬೇಜಾರಾಯಿತು. ಒಬ್ಬರ ಮಾತಿನ ಅರ್ಥವನ್ನೇ ನನ್ನ ಕೋಡ್ ಬದಲಿಸಿತ್ತು.

ಕಾರಣ ಇಷ್ಟೇ. ಜಾವಾಸ್ಕ್ರಿಪ್ಟ್‌ನ ಸ್ಲೈಸ್ ಆಗಲಿ, ಪಠ್ಯದ ಉದ್ದ ಹೇಳುವ ಲೆಂತ್ ಆಗಲಿ ನಮ್ಮ ಅಕ್ಷರಗಳನ್ನು ಎಣಿಸುವುದಿಲ್ಲ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನ ಬೇರೆ, ಹಲಂತ (ವ್ಯಂಜನವನ್ನು ಅರ್ಧ ಮಾಡುವ ಚಿಹ್ನೆ) ಬೇರೆ, ಗುಡಿಸು ಬೇರೆ. "ಹಳ್ಳಿ" ನಮಗೆ ಎರಡೇ ಅಕ್ಷರ, ಅದಕ್ಕೆ 5. ಆ ಹೆಸರಿನಲ್ಲಿ 20ನೆಯದು ಒತ್ತಿನ ಳ, 21ನೆಯದು ಗುಡಿಸು. ಕತ್ತರಿ ಸರಿಯಾಗಿ ಅವುಗಳ ನಡುವೆ ಬಿದ್ದಿತ್ತು.

ಬ್ರೌಸರ್‌ನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಎಂಬ, ಪಠ್ಯವನ್ನು ತುಂಡು ಮಾಡಿಕೊಡುವ ಸಾಧನ ಹಿಡಿದೆ. 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಇದು ಸಿಗುತ್ತದೆ. ಭಾಷೆಗೆ ಕೆಎನ್ (ಕನ್ನಡ), ಗ್ರ್ಯಾನ್ಯುಲಾರಿಟಿಗೆ, ಅಂದರೆ ತುಂಡಿನ ಅಳತೆಗೆ, ಗ್ರಾಫೀಮ್ ಕೊಟ್ಟರೆ ಗುಡಿಸು, ಕೊಂಬು, ಸೊನ್ನೆ ಎಲ್ಲ ತಮ್ಮ ವ್ಯಂಜನದ ಜೊತೆಗೇ ಬರುತ್ತವೆ. ಆದರೆ ಒತ್ತಕ್ಷರ ಮಾತ್ರ ಒಡೆಯಿತು. "ಕನ್ನಡ"ಕ್ಕೆ 4 ತುಂಡು ಬಂತು: ಕ, ನ್, ನ, ಡ.

ಹಾಗಾಗಿ ತುಂಡುಗಳನ್ನು ನಾನೇ ಜೋಡಿಸಬೇಕಾಯಿತು. ಒಂದು ಖಾಲಿ ಅರೇ (ಪಟ್ಟಿ) ಇಟ್ಟುಕೊಂಡು ಲೂಪ್ ಓಡಿಸಿದೆ. ಹಿಂದಿನ ತುಂಡು ಹಲಂತದಲ್ಲಿ, ಅಂದರೆ ಯೂನಿಕೋಡ್ 0ಸಿಸಿಡಿಯಲ್ಲಿ, ಮುಗಿದಿದ್ದರೆ ಈಗಿನ ತುಂಡನ್ನು ಅದಕ್ಕೇ ಅಂಟಿಸು. ಇಲ್ಲದಿದ್ದರೆ ಹೊಸದಾಗಿ ಪುಶ್ ಮಾಡು. "ಕನ್ನಡ" 3 ಆಯಿತು. ಖುಷಿಯಾಗಿ ಮುಂದೆ ಹೋದೆ. ಆಮೇಲೆ ನೋಡಿದರೆ "ಬಸ್ ಬಂತು" ಅನ್ನುವಲ್ಲಿ ಸ್ ಜೊತೆ ಖಾಲಿ ಜಾಗವೂ ಅಂಟಿಕೊಂಡಿತ್ತು! ಕನ್ನಡದಲ್ಲಿ ಹೀಗೆ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳು ಎಷ್ಟೊಂದಿವೆ, ಅಲ್ವಾ? ಈಗಿನ ತುಂಡು ಕ ಇಂದ ಹ ತನಕದ ವ್ಯಂಜನದಲ್ಲಿ ಶುರುವಾದರೆ ಮಾತ್ರ ಅಂಟಿಸು ಎಂಬ ಇನ್ನೊಂದು ಷರತ್ತು ಸೇರಿಸಿದೆ. ಹಳಗನ್ನಡದ ೞ ಬೇಕಿದ್ದವರು ಅದನ್ನೂ ಸೇರಿಸಿಕೊಳ್ಳಿ, ಅದು ಈ ಸಾಲಿನಿಂದ ಹೊರಗಿದೆ.

ಈ ಲೆಕ್ಕದಲ್ಲಿ ಮೇಷ್ಟ್ರ ಕಥೆಯ ಹೆಸರು ಖಾಲಿ ಜಾಗವೂ ಸೇರಿ 16. ಲೆಂತ್ ಅದನ್ನು 26 ಎನ್ನುತ್ತಿತ್ತು. ಕತ್ತರಿಸುವ ಅಗತ್ಯವೇ ಇರಲಿಲ್ಲ.

ಬರೀ ತೋರಿಸುವುದಕ್ಕಾದರೆ ಇಷ್ಟೆಲ್ಲ ಬೇಡ. ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್ ಓವರ್‌ಫ್ಲೋಗೆ ಎಲಿಪ್ಸಿಸ್, ಜೊತೆಗೆ ಓವರ್‌ಫ್ಲೋಗೆ ಹಿಡನ್, ವೈಟ್ ಸ್ಪೇಸ್‌ಗೆ ನೋ ರ್ಯಾಪ್ ಕೊಟ್ಟರೆ ಸಾಕು. ಓವರ್‌ಫ್ಲೋ ಹಿಡನ್ ಇದ್ದಲ್ಲಿ ಲೈನ್ ಹೈಟ್ 1.2 ಇಟ್ಟಾಗ ಒತ್ತಕ್ಷರದ ಕೆಳಭಾಗ ಕಾಣೆಯಾಗುತ್ತಿತ್ತು, ನಾನು 1.7 ಮಾಡಿಕೊಂಡೆ.

ಹುಡುಕಾಟದಲ್ಲೂ ಇದೇ ಗೋಳು. ಒಬ್ಬರು ಕಳಿಸಿದ ಫೈಲ್‌ನಲ್ಲಿ "ಕೋಲಾರ" ಕಣ್ಣೆದುರೇ ಇತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಅವರ ಫೈಲ್‌ನಲ್ಲಿ ಕೋ ಅಕ್ಷರದ ಸ್ವರಚಿಹ್ನೆ ಮೂರು ಬಿಡಿ ತುಂಡಾಗಿತ್ತು, ನಾನು ಟೈಪ್ ಮಾಡಿದ್ದು ಒಂದೇ ಚಿಹ್ನೆ. ಹೋಲಿಸುವ ಮೊದಲು ಎರಡೂ ಕಡೆ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪ) ಕೊಟ್ಟೆ, ಸಿಕ್ಕಿತು. "ರಾಜ್‌ಕುಮಾರ್" ಥರದ ಪದಗಳಲ್ಲಿ ಒತ್ತು ತಡೆಯಲು ಹಾಕುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಇದೆಯಲ್ಲ, ಹುಡುಕುವಾಗ ಅದನ್ನೂ ಎರಡೂ ಕಡೆ ತೆಗೆದು ಹೋಲಿಸುತ್ತೇನೆ. ಡೇಟಾಬೇಸ್‌ನಿಂದ ಮಾತ್ರ ತೆಗೆಯಬೇಡಿ. ಅದಿಲ್ಲದಿದ್ದರೆ ಓದುವವರಿಗೆ "ರಾಜ್ಕುಮಾರ್" ಎಂದು ಕಾಣುತ್ತದೆ.

ಈಗ ಯಾವ ಕನ್ನಡ ಸೈಟ್ ಶುರುಮಾಡಿದರೂ ಟೆಸ್ಟ್‌ಗೆ ಮೊದಲು ಇವನ್ನೇ ಹಾಕುತ್ತೇನೆ: ಹಳ್ಳಿ, ಸ್ತ್ರೀ, ಸೂರ್ಯ, ರಾಜ್‌ಕುಮಾರ್, ಬಸ್ ಬಂತು. ಅಕ್ಷರ ಎಣಿಸಿದರೆ ಬರಬೇಕಾದ ಉತ್ತರ, ಖಾಲಿ ಜಾಗವೂ ಸೇರಿ, 2, 1, 2, 5, 5.