ಪಂಚಾಯಿತಿಯ ಹಳೇ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತಂದಿದ್ದು ಹೀಗೆ

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಪ್ರಿಂಟರ್ ಕೈಕೊಟ್ಟರೂ ನನಗೇ ಫೋನು. ಅಲ್ಲಿ ಹಳೇ ಸಭಾ ನಡಾವಳಿ, ಫಲಾನುಭವಿಗಳ ಪಟ್ಟಿ, ನೋಟಿಸು ಎಲ್ಲವೂ ವರ್ಡ್, ಎಕ್ಸೆಲ್ ಫೈಲುಗಳಲ್ಲಿ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟ್) ಇದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ, ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಈಗಿನ ಪದ್ಧತಿಯಲ್ಲಿ, ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಎಕ್ಸೆಲ್ ಆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲೇ ಜೋಡಿಸಿಬಿಡುತ್ತದೆ.

ಇ-ಆಡಳಿತದಲ್ಲಿ ಭಾರತೀಯ ಭಾಷೆಗಳಿಗೆ ಯೂನಿಕೋಡೇ ಮಾನಕ ಎಂದು ಕೇಂದ್ರ ಸರ್ಕಾರ 2009ರಲ್ಲೇ ಹೇಳಿದೆ. 2010ರಲ್ಲಿ ಮುಕ್ತ ಮಾನಕಗಳ ನೀತಿ, 2015ರಲ್ಲಿ ಮುಕ್ತ ತಂತ್ರಾಂಶದ ನೀತಿಯೂ ಬಂತು. ಆದರೆ ನೀತಿ ಬಂತು ಅಂತ ಹಳೇ ಫೈಲು ತಾನಾಗೇ ಬದಲಾಗಲ್ಲ ಅಲ್ವಾ.

ಪಿಡಿಒ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಮೂಲ ಫೈಲಿಗೆ ಏನೂ ಆಗಲ್ಲ ತಾನೇ?" ಹಾಗಾಗಿ ಮೊದಲು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಬೀರುವಿನಲ್ಲಿಡಲು ಅವರ ಕೈಗೇ ಕೊಟ್ಟೆ. ಆಮೇಲೆ ಲಿಬ್ರೆಆಫೀಸ್, ಅಂದರೆ ವರ್ಡ್, ಎಕ್ಸೆಲ್ ಮಾಡುವ ಕೆಲಸವನ್ನೇ ಮಾಡುವ ಮುಕ್ತ ತಂತ್ರಾಂಶ. ಇದನ್ನು ಕಮಾಂಡ್ ಲೈನ್‌ನಿಂದ (ಆದೇಶ ಟೈಪ್ ಮಾಡಿ) ಓಡಿಸಿದರೆ ಇಡೀ ಫೋಲ್ಡರ್‌ನ ವರ್ಡ್ ಫೈಲುಗಳನ್ನು ಒಂದೇ ಸಲಕ್ಕೆ ಫ್ಲ್ಯಾಟ್ ಒಡಿಎಫ್ (ಒಡಿಎಫ್ ಅಂದರೆ ಕಚೇರಿ ದಾಖಲೆಗಳ ಮುಕ್ತ ಫೈಲ್ ನಮೂನೆ) ಮಾಡಿಕೊಡುತ್ತದೆ. ಅಂದರೆ ಇಡೀ ದಾಖಲೆ ಒಂದೇ ಎಕ್ಸ್‌ಎಂಎಲ್ ಫೈಲು, ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಯಾವ ತುಣುಕು ಯಾವ ಫಾಂಟ್‌ನಲ್ಲಿದೆ ಅನ್ನುವುದು ಅದರಲ್ಲೇ ಬರೆದಿರುತ್ತದೆ, ಹಾಗಾಗಿ ಪೈಥಾನ್ ಭಾಷೆಯಲ್ಲಿ ಬರೆದ ನನ್ನ ಪುಟ್ಟ ಪ್ರೋಗ್ರಾಂ ನುಡಿ ಫಾಂಟ್‌ನ ತುಣುಕುಗಳನ್ನು ಮಾತ್ರ ಬದಲಿಸಿ, ನಡುವೆ ಬರುವ ಇಂಗ್ಲಿಷ್ ಪದಗಳನ್ನು ಮುಟ್ಟದೆ ಬಿಡುವಂತೆ ಮಾಡಲು ಸಾಧ್ಯವಾಯಿತು. ಒಡಿಎಫ್ 2006ರಿಂದ ಅಂತರರಾಷ್ಟ್ರೀಯ (ಐಎಸ್‌ಒ) ಮಾನಕ ಅನ್ನುವುದಕ್ಕಿಂತ ಇದೇ ನನಗೆ ದೊಡ್ಡ ಲಾಭ.

ಅಕ್ಷರ ಬದಲಿಸುವ ಕೋಷ್ಟಕವನ್ನು ನಾನೇನೂ ಮಾಡಲಿಲ್ಲ, ಅಂಥ ಪರಿವರ್ತಕಗಳ ಕೋಡ್ ಮುಕ್ತವಾಗಿಯೇ ಸಿಗುತ್ತದೆ. ಜಾಸ್ತಿ ಕಾಡಿದ್ದು ಅರ್ಕಾವತ್ತು, ಅಂದರೆ 'ಸೂರ್ಯ' ಎಂಬಲ್ಲಿ 'ರ್' ಧ್ವನಿಗೆ ಬರುವ ಚಿಹ್ನೆ. ಹಳೇ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ 'ರ್' ಮೊದಲು, 'ಯ' ಆಮೇಲೆ. ಅದನ್ನು ಹಿಂದಕ್ಕೆ ಸರಿಸದೇ ಹೋದರೆ 'ಸೂರ್ಯನಾರಾಯಣ' ಹೋಗಿ 'ಸೂಯರ್ನಾರಾಯಣ' ಆಗುತ್ತಾನೆ. ಒತ್ತಕ್ಷರ, ದೀರ್ಘ ಎರಡೂ ಸೇರಿದ ಕಡೆ ಇನ್ನೂ ಕಷ್ಟ. ಪಟ್ಟಿ ಪರಿಶೀಲಿಸಲು ಬಿಲ್ ಕಲೆಕ್ಟರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಊರಿನ ಮನೆ ಮನೆ ಗೊತ್ತಿರುವವರು. "ಇದ್ಯಾರ್ರೀ? ಇಂಥ ಹೆಸರಿನವರು ನಮ್ಮೂರಲ್ಲೇ ಇಲ್ಲ" ಅಂತ ಅವರು ಬೆರಳಿಟ್ಟ ಕಡೆಯೆಲ್ಲ ಕೋಷ್ಟಕದಲ್ಲಿ ಒಂದು ತೂತು ಸಿಗುತ್ತಿತ್ತು.

ಅಂಕಿಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ಕಂದಾಯದ ಮೊತ್ತ ಕನ್ನಡ ಅಂಕಿಗೆ ತಿರುಗಿದರೆ ಕೂಡುವಾಗ ತಕರಾರು ಶುರು.

ಎಲ್ಲರೂ ಕೇಳುತ್ತಾರೆ, ವಿಂಡೋಸ್ ಬದಲು ಮುಕ್ತವಾಗಿ ಸಿಗುವ ಲಿನಕ್ಸ್ ಹಾಕಿದ್ರಾ ಅಂತ. ಇಲ್ಲ. ವಿಂಡೋಸ್ ಹಾಗೇ ಇದೆ. ನನ್ನ ಪ್ರಕಾರ ಮೊದಲು ಯೂನಿಕೋಡ್, ಆಮೇಲೆ ಒಡಿಎಫ್, ಉಳಿದದ್ದು ನಿಧಾನಕ್ಕೆ. ಡೇಟಾ ಎಂಟ್ರಿ ಮಾಡುವ ಹುಡುಗಿಗೆ ಇದ್ದ ಭಯ ಒಂದೇ, ಕೀಲಿಮಣೆ ಹೊಸದಾಗಿ ಕಲಿಯಬೇಕಾ ಅಂತ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಯೂನಿಕೋಡ್‌ನಲ್ಲೂ ಅದೇ, ಬೆರಳು ಒಂದಿಂಚೂ ಬದಲಾಗಬೇಕಿಲ್ಲ ಅಂತ ಕೂತು ಟೈಪ್ ಮಾಡಿಸಿ ತೋರಿಸಿದೆ. ಮುಂದೆ ಲಿನಕ್ಸ್‌ಗೆ ಹೋದರೂ ಅಲ್ಲೂ ಅದೇ ವಿನ್ಯಾಸ ಸಿಗುತ್ತದೆ.

ಈಗ ಹೊಸ ನಡಾವಳಿ ಒಡಿಟಿಯಲ್ಲಿ (ಒಡಿಎಫ್‌ನ ಬರಹದ ಫೈಲು) ಉಳಿಯುತ್ತದೆ, ಮೇಲಿನ ಕಚೇರಿಗೆ ಪಿಡಿಎಫ್ ಹೋಗುತ್ತದೆ. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾಡಿಸಿದ್ದ ಹಳೇ ಗ್ರಾಮಸಭೆ ಕರಪತ್ರಗಳಿಗೆ ಸುಮ್ನೆ ಕೈ ಹಾಕಲಿಲ್ಲ. ಬೇಕಾದರೆ ಮತ್ತೆ ಟೈಪ್ ಮಾಡಿಸುವುದೇ ಅಗ್ಗ.